ಕಾಂತಬಂಧಿತ ಪ್ಲಾಸ್ಮಾದ ಕಣಸೋರಿಕೆಯನ್ನು ನಿಮ್ಮ ಲ್ಯಾಪ್‌ಟಾಪಿನಲ್ಲೇ ಲೆಕ್ಕ ಹಾಕುವ ವಿಧಾನ

ಕಾಳಿ ನದಿಯ ದಂಡೆಯ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ತಲಾ 220 ಮೆಗಾವ್ಯಾಟ್ ಸಾಮರ್ಥ್ಯದ ನಾಲ್ಕು ಘಟಕಗಳಿವೆ, ಅವು ಯುರೇನಿಯಂ ಬೀಜಕೇಂದ್ರವನ್ನು ಒಡೆದು ಶಕ್ತಿ ಪಡೆಯುತ್ತವೆ ಎಂಬುದು ಕಾರವಾರದ ವಿಜ್ಞಾನ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುವ ಸಂಗತಿ. ಅಲ್ಲಿ ನ್ಯೂಟ್ರಾನುಗಳ ವೇಗ ತಗ್ಗಿಸುವ ಭಾರಜಲದಲ್ಲಿ ಇರುವ ಡ್ಯುಟೀರಿಯಂ, ಬೀಜಸಮ್ಮಿಲನದ ಮಾರ್ಗದಲ್ಲಿ ಸ್ವತಃ ಇಂಧನವಾಗುತ್ತದೆ. ಅದನ್ನು ಟ್ರಿಟಿಯಂ ಜೊತೆ ಬೆಸೆಯಬೇಕಾದರೆ ಹತ್ತು ಕೋಟಿ ಡಿಗ್ರಿ ಸೆಲ್ಸಿಯಸ್ಸನ್ನೂ ಮೀರಿದ ಪ್ಲಾಸ್ಮಾವನ್ನು, ಅಂದರೆ ಎಲೆಕ್ಟ್ರಾನು ಮತ್ತು ಅಯಾನುಗಳಾಗಿ ಬೇರ್ಪಟ್ಟ ಅನಿಲವನ್ನು, ಗೋಡೆಗೆ ತಾಗದಂತೆ ಕಾಂತಕ್ಷೇತ್ರದಲ್ಲಿ ಹಿಡಿದಿಡಬೇಕು. ಹಾಗೆ ಹಿಡಿದಿಟ್ಟದ್ದು ಸೋರುತ್ತದೆ, ಅದೂ ಕಣಗಳ ಪರಸ್ಪರ ಡಿಕ್ಕಿಯಿಂದ ಆಗಬೇಕಾದುದಕ್ಕಿಂತ ನೂರಾರು ಪಟ್ಟು ಹೆಚ್ಚು ವೇಗದಲ್ಲಿ. ಕಾರವಾರ, ಕುಮಟಾ, ಶಿರಸಿಯ ಕಾಲೇಜುಗಳಲ್ಲಿ ಬಿ.ಎಸ್ಸಿ ಕೊನೆಯ ವರ್ಷದಲ್ಲೋ ಎಂ.ಎಸ್ಸಿಯಲ್ಲೋ ಭೌತಶಾಸ್ತ್ರ ಓದುತ್ತಿರುವವರು ಈ ಸೋರಿಕೆಯನ್ನು ತಾವೇ ಲೆಕ್ಕ ಹಾಕಿ ನೋಡುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಪೈಥಾನ್ ಮತ್ತು ನಂಪೈ ಇರುವ ಸಾಧಾರಣ ಲ್ಯಾಪ್‌ಟಾಪ್, ಆಂಶಿಕ ಅವಕಲನ ಸಮೀಕರಣಗಳ ಪರಿಚಯ, ಸ್ವಲ್ಪ ಫೂರಿಯೆ ಗಣಿತ ಇದ್ದರೆ ಸಾಕು.

ಮೊದಲು ಕಾಗದದ ಮೇಲೆ

ಕೋಡ್ ಬರೆಯುವ ಮೊದಲು ಪೆನ್ನು ಹಿಡಿದು ಅಂದಾಜು ಮಾಡಿಕೊಳ್ಳಿ. ಟೋಕಮ್ಯಾಕ್ (ಪ್ಲಾಸ್ಮಾವನ್ನು ಬಳೆಯಾಕಾರದಲ್ಲಿ ಕಾಂತಕ್ಷೇತ್ರದಿಂದ ಹಿಡಿದಿಡುವ) ಯಂತ್ರವೊಂದರ ಅಂಚಿನ ಪ್ರದೇಶವನ್ನು ಮಾದರಿಯಾಗಿ ತೆಗೆದುಕೊಳ್ಳೋಣ: ಹೈಡ್ರೋಜನ್ ಪ್ಲಾಸ್ಮಾ, ಕಾಂತಕ್ಷೇತ್ರ 1 ಟೆಸ್ಲಾ, ಉಷ್ಣತೆ 20 ಎಲೆಕ್ಟ್ರಾನ್ ವೋಲ್ಟ್, ಪ್ರತಿ ಘನಮೀಟರಿಗೆ ಸುಮಾರು 5×10¹⁸ ಕಣಗಳು, ಸಾಂದ್ರತೆ ಇಳಿಯುವ ಅಳತೆ 2 ಸೆಂಟಿಮೀಟರ್. ಡಿಕ್ಕಿಗಳಿಂದ ಮಾತ್ರ ಆಗುವ ವಿಸರಣಾಂಕವನ್ನು (ಕಣಗಳು ಎಷ್ಟು ಬೇಗ ಹರಡುತ್ತವೆ ಎಂಬುದರ ಅಳತೆ) ಪಡೆಯಲು ಎಲೆಕ್ಟ್ರಾನಿನ ಲಾರ್ಮರ್ ತ್ರಿಜ್ಯದ, ಅಂದರೆ ಅದು ಕಾಂತರೇಖೆಯ ಸುತ್ತ ಸುತ್ತುವ ವೃತ್ತದ ತ್ರಿಜ್ಯದ, ವರ್ಗವನ್ನು ಡಿಕ್ಕಿಯ ಆವೃತ್ತಿಯಿಂದ ಗುಣಿಸಿ, ಅಯಾನುಗಳೂ ಅಷ್ಟೇ ಬಿಸಿಯಾಗಿದ್ದರೆ ಮತ್ತೆ ಎರಡರಿಂದ ಗುಣಿಸಿ. ಸೆಕೆಂಡಿಗೆ ಸುಮಾರು 0.0004 ಚದರ ಮೀಟರ್ ಬರುತ್ತದೆ. ಟೋಕಮ್ಯಾಕಿನ ಬಾಗಿದ ಆಕಾರದ ಪರಿಣಾಮವನ್ನು ಸೇರಿಸಿದರೆ ಇದು ಹತ್ತಿಪ್ಪತ್ತು ಪಟ್ಟು ಏರಬಹುದು. ಡೇವಿಡ್ ಬೋಮ್ ಹೆಸರಿನ ಸೂತ್ರದಂತೆ, ಎಲೆಕ್ಟ್ರಾನ್ ವೋಲ್ಟಿನಲ್ಲಿರುವ ಉಷ್ಣತೆಯನ್ನು ಕಾಂತಕ್ಷೇತ್ರದ ಹದಿನಾರರಷ್ಟರಿಂದ ಭಾಗಿಸಿದರೆ ಬರುವುದು ಸೆಕೆಂಡಿಗೆ 1.25 ಚದರ ಮೀಟರ್. ಪ್ರಕ್ಷುಬ್ಧತೆಯ ಸಹಜ ಅಳತೆ ಇವೆರಡರ ನಡುವೆ ಬರುತ್ತದೆ. ಅಯಾನಿನ ಶಬ್ದವೇಗ ಇಲ್ಲಿ ಸೆಕೆಂಡಿಗೆ 44 ಕಿಲೋಮೀಟರ್. ಆ ವೇಗದಲ್ಲಿ ಲೆಕ್ಕ ಹಾಕಿದ ಲಾರ್ಮರ್ ತ್ರಿಜ್ಯ 0.46 ಮಿಲಿಮೀಟರ್, 2 ಸೆಂಟಿಮೀಟರ್ ದಾಟಲು ಬೇಕಾದ ಕಾಲ 0.46 ಮೈಕ್ರೋಸೆಕೆಂಡ್, ತ್ರಿಜ್ಯದ ವರ್ಗವನ್ನು ಆ ಕಾಲದಿಂದ ಭಾಗಿಸಿದಾಗ ಬರುವ ವಿಸರಣಾಂಕವೂ ಸೆಕೆಂಡಿಗೆ 0.46 ಚದರ ಮೀಟರ್. (ಮೂರು ಕಡೆಯೂ ಅದೇ ಅಂಕಿ ಬಂದದ್ದು ನಾನು ಆರಿಸಿಕೊಂಡ ಬೆಲೆಗಳ ಕಾಕತಾಳೀಯ, ಅದರಲ್ಲಿ ನಿಯಮ ಹುಡುಕಬೇಡಿ.) ಈ ಮೂರನ್ನು ಉದ್ದ, ಕಾಲ, ವಿಸರಣಗಳ ಮಾನಗಳಾಗಿ ಇಟ್ಟುಕೊಂಡರೆ ಕಂಪ್ಯೂಟರಿನೊಳಗಿನ ಸಂಖ್ಯೆಗಳೆಲ್ಲ ಒಂದರ ಆಸುಪಾಸಿನಲ್ಲಿ ಇರುತ್ತವೆ.

ಯಾವ ಸಮೀಕರಣ

ಪೂರ್ಣ ಸಮಸ್ಯೆಗೆ ಐದು ಆಯಾಮದ ಗೈರೋಚಲನ ಸಿದ್ಧಾಂತವೂ (ಕಾಂತರೇಖೆಯ ಸುತ್ತಲಿನ ಸುತ್ತುಚಲನೆಯನ್ನು ಸರಾಸರಿ ಮಾಡಿ ಕಣಗಳನ್ನು ನೋಡುವ ಸಿದ್ಧಾಂತ) ಸೂಪರ್ ಕಂಪ್ಯೂಟರೂ ಬೇಕು. ಕಲಿಯುವವರಿಗೆ ಅಕಿರಾ ಹಸೆಗಾವಾ ಮತ್ತು ಮಸಾಹಿರೋ ವಕತಾನಿ 1983ರಲ್ಲಿ ಪ್ರಕಟಿಸಿದ ಎರಡು ಸಮೀಕರಣಗಳು ಸಾಕು ಎಂಬುದು ನನ್ನ ಅಭಿಪ್ರಾಯ. ಅದಕ್ಕಿಂತ ಸರಳವಾದ, ಒಂದೇ ಸಮೀಕರಣದ ಹಸೆಗಾವಾ–ಮಿಮಾ ಮಾದರಿಯಿಂದ ಆರಂಭಿಸಿ ಎಂದು ಕೆಲವರು ಹೇಳುವುದುಂಟು. ಆದರೆ ಅದರಲ್ಲಿ ಸಾಂದ್ರತೆಯ ಏರಿಳಿತ ವಿಭವದ ಏರಿಳಿತದ ಪಡಿಯಚ್ಚಾಗಿರುವುದರಿಂದ ನಿವ್ವಳ ಸೋರಿಕೆ ಸೊನ್ನೆ, ಆದ್ದರಿಂದ ನಮ್ಮ ಉದ್ದೇಶಕ್ಕೆ ಅದು ಉಪಯೋಗವಿಲ್ಲ.

ಈ ಮಾದರಿಯ ಮೂಲ ಚಲನೆಯನ್ನು ಕಣ್ಣೆದುರು ತಂದುಕೊಳ್ಳಲು ಕಾಳಿ ನದಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಏಳುವ ಸುಳಿಗಳನ್ನು ನೆನೆಯಬಹುದು: ತೇಲುವ ಎಲೆ ಸುಳಿಯ ಸುತ್ತ ತಿರುಗುತ್ತದೆ, ಪಕ್ಕದ ಸುಳಿ ಹತ್ತಿರ ಬಂದಾಗ ಅದಕ್ಕೆ ಜಿಗಿಯುತ್ತದೆ, ಹೀಗೆ ಕೈಯಿಂದ ಕೈಗೆ ದಾಟುತ್ತ ದೂರ ಹೋಗುತ್ತದೆ. ಪ್ಲಾಸ್ಮಾದಲ್ಲಿ ವಿದ್ಯುತ್ ವಿಭವ ಹೆಚ್ಚಾಗಿರುವ ಅಥವಾ ಕಡಿಮೆಯಾಗಿರುವ ಜಾಗವೇ ಸುಳಿಯ ಕೇಂದ್ರ. ವಿದ್ಯುತ್ ಕ್ಷೇತ್ರಕ್ಕೂ ಕಾಂತಕ್ಷೇತ್ರಕ್ಕೂ ಲಂಬವಾಗಿ, ವಿದ್ಯುತ್ ಕ್ಷೇತ್ರವನ್ನು ಕಾಂತಕ್ಷೇತ್ರದಿಂದ ಭಾಗಿಸಿದಷ್ಟು ವೇಗದಲ್ಲಿ, ಎಲೆಕ್ಟ್ರಾನು ಅಯಾನುಗಳೆರಡೂ ಒಂದೇ ದಿಕ್ಕಿಗೆ ಸರಿಯುತ್ತವೆ.

ಮಾದರಿಯ ಮೊದಲ ಸಮೀಕರಣ ಸಾಂದ್ರತೆಯದ್ದು: ಸುಳಿಯ ವೇಗ ಸಾಂದ್ರತೆಯ ಏರಿಳಿತವನ್ನು ಹೊತ್ತೊಯ್ಯುತ್ತದೆ, ಹಿನ್ನೆಲೆಯ ಇಳುಕಲನ್ನು (ಒಳಗಿನಿಂದ ಹೊರಗೆ ಸಾಂದ್ರತೆ ತಗ್ಗುತ್ತ ಹೋಗುವುದನ್ನು) ಕದಡಿ ಹೊಸ ಏರಿಳಿತ ಹುಟ್ಟಿಸುತ್ತದೆ, ಮತ್ತು ವಿಭವದಿಂದ ಸಾಂದ್ರತೆಯನ್ನು ಕಳೆದ ವ್ಯತ್ಯಾಸಕ್ಕೆ ಆಲ್ಫಾ ಎಂಬ ನಿಯತಾಂಕವನ್ನು ಗುಣಿಸಿದಷ್ಟು ಜೋಡಣೆ ಬಲಬದಿಯಲ್ಲಿ ನಿಲ್ಲುತ್ತದೆ. ಎರಡನೆಯದು ವರ್ಟಿಸಿಟಿಯದ್ದು (ಸುಳಿಯ ತಿರುಗುವಿಕೆಯ ಅಳತೆ), ಅಂದರೆ ವಿಭವದ ಲಾಪ್ಲಾಸಿಯನ್ನಿನದ್ದು. ಅದರಲ್ಲಿ ಇಳುಕಲಿನ ಪದವಿಲ್ಲ, ಉಳಿದದ್ದೆಲ್ಲ ಮೊದಲಿನಂತೆಯೇ. ಕಾಂತರೇಖೆಯ ಗುಂಟ ಎಲೆಕ್ಟ್ರಾನುಗಳು ಎಷ್ಟು ಸಲೀಸಾಗಿ ಓಡಾಡಿ ಸಾಂದ್ರತೆಯನ್ನೂ ವಿಭವವನ್ನೂ ಸರಿಹೊಂದಿಸುತ್ತವೆ ಎಂಬುದನ್ನು ಆಲ್ಫಾ ಹೇಳುತ್ತದೆ. ಪ್ಲಾಸ್ಮಾ ಬಿಸಿಯಾದಂತೆ ಡಿಕ್ಕಿ ಕಡಿಮೆಯಾಗಿ ಆಲ್ಫಾ ಏರುತ್ತದೆ. ಎರಡೂ ಸಮೀಕರಣಗಳಿಗೆ ಸಣ್ಣ ಸುಳಿಗಳನ್ನು ಅಳಿಸಲು ನಾಲ್ಕನೆಯ ಘಾತದ ಸ್ನಿಗ್ಧತೆಯ ಪದವೊಂದನ್ನು ಸೇರಿಸಿ, ಗುಣಾಂಕವನ್ನು 0.0001ರಿಂದ ಆರಂಭಿಸಬಹುದು.

ಕೋಡ್ ಕಟ್ಟುವುದು

ಬದಿಗಳೆರಡೂ 42 ಮಾನದಷ್ಟಿರುವ ಚೌಕ, 256×256 ಬಿಂದುಗಳ ಗ್ರಿಡ್, ಎಲ್ಲ ಅಂಚುಗಳಲ್ಲೂ ಆವರ್ತಕ ಗಡಿ, 0.02 ಕಾಲಮಾನದ ಹೆಜ್ಜೆ, ನಾಲ್ಕನೆಯ ದರ್ಜೆಯ ರುಂಗೆ–ಕುಟ್ಟಾ ವಿಧಾನ: ಇಷ್ಟರಿಂದ ಶುರು ಮಾಡಿ. ವರ್ಟಿಸಿಟಿಯಿಂದ ವಿಭವ ಪಡೆಯಲು ಫೂರಿಯೆ ರೂಪದಲ್ಲಿ ತರಂಗಸಂಖ್ಯೆಯ ವರ್ಗದಿಂದ ಭಾಗಿಸಿ, ಋಣಚಿಹ್ನೆ ಹಾಕಿ, ಸೊನ್ನೆ ತರಂಗಸಂಖ್ಯೆಯ ಜಾಗದಲ್ಲಿ ಸೊನ್ನೆಯನ್ನೇ ಇಡಿ. ಹೊತ್ತೊಯ್ಯುವ ಪದ ಎರಡು ರಾಶಿಗಳ ಗುಣಲಬ್ಧವಾದ್ದರಿಂದ ಗ್ರಿಡ್ಡಿಗೆ ಹಿಡಿಸದ ಸಣ್ಣ ಅಲೆಗಳು ದೊಡ್ಡ ಅಲೆಗಳ ವೇಷದಲ್ಲಿ ನುಸುಳುತ್ತವೆ. ಮೂರನೆಯ ಎರಡು ಭಾಗಕ್ಕಿಂತ ಮೇಲಿನ ತರಂಗಸಂಖ್ಯೆಗಳನ್ನು ಪ್ರತಿ ಸಲವೂ ಕತ್ತರಿಸಿ ಹಾಕಿ. ಫೂರಿಯೆ ಬೇಡವೆನ್ನುವವರಿಗೆ ಅಕಿಯೋ ಅರಕಾವಾ 1966ರಲ್ಲಿ ಹವಾಮಾನ ಲೆಕ್ಕಕ್ಕೆಂದು ರೂಪಿಸಿದ ವಿಧಾನವಿದೆ, ಅದು ಶಕ್ತಿಯನ್ನೂ ವರ್ಟಿಸಿಟಿಯ ವರ್ಗವನ್ನೂ ಕಾಪಾಡುತ್ತದೆ.

ಆರಂಭದಲ್ಲಿ ಅತಿಸಣ್ಣ ಯಾದೃಚ್ಛಿಕ ಏರಿಳಿತ ಕೊಟ್ಟು 500 ಕಾಲಮಾನದವರೆಗೆ ಓಡಿಸಿ. ನಮ್ಮ ಮಾದರಿ ಯಂತ್ರದಲ್ಲಿ ಅದು 0.23 ಮಿಲಿಸೆಕೆಂಡ್; ಲ್ಯಾಪ್‌ಟಾಪಿಗಾದರೋ ತಾಸುಗಳ ಕೆಲಸ. ಘಟ್ಟದ ಮೇಲಿನವರಿಗೆ, ಅದರಲ್ಲೂ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಮಳೆಗಾಲದ ಕರೆಂಟನ್ನು ನಂಬಿ ಕೂರುವವರಿಗೆ, ಒಂದು ಮಾತು: ಪ್ರತಿ 10 ಕಾಲಮಾನಕ್ಕೊಮ್ಮೆ ಎರಡೂ ರಾಶಿಗಳನ್ನು ಡಿಸ್ಕಿಗೆ ಬರೆಯಿರಿ, ಮತ್ತು ಆ ಫೈಲಿನಿಂದಲೇ ಮುಂದುವರಿಯುವ ವ್ಯವಸ್ಥೆಯನ್ನು ಮೊದಲ ದಿನವೇ ಕೋಡಿನಲ್ಲಿ ಸೇರಿಸಿ.

ನಂಬುವ ಮೊದಲು ಪರೀಕ್ಷೆ

ಪರದೆಯ ಮೇಲೆ ಸುಳಿಗಳು ಚೆಂದವಾಗಿ ತಿರುಗಿದ ಮಾತ್ರಕ್ಕೆ ಕೋಡ್ ಸರಿಯಿದೆ ಎಂದಲ್ಲ. ತಪ್ಪು ಕೋಡಿನಲ್ಲೂ ಸುಳಿಗಳು ಅಷ್ಟೇ ಚೆಂದ ಕಾಣುತ್ತವೆ. ಮೊದಲ ಪರೀಕ್ಷೆ ಬೆಳವಣಿಗೆಯ ದರದ್ದು. ಏರಿಳಿತ ಸಣ್ಣದಿರುವಾಗ ಸಮೀಕರಣಗಳು ಒಂದು ವರ್ಗ ಸಮೀಕರಣಕ್ಕೆ ಇಳಿಯುತ್ತವೆ, ಅದನ್ನು ಕೈಯಲ್ಲೇ ಬಿಡಿಸಬಹುದು. ಆಲ್ಫಾ 1 ಇದ್ದಾಗ, ಇಳುಕಲಿಗೆ ಅಡ್ಡವಾದ ದಿಕ್ಕಿನಲ್ಲಿ ತರಂಗಸಂಖ್ಯೆ 1 ಇರುವ, ಇಳುಕಲಿನ ದಿಕ್ಕಿನಲ್ಲಿ ಬದಲಾಗದ ಅಲೆಗೆ, ಸ್ನಿಗ್ಧತೆಯನ್ನು ಬಿಟ್ಟರೆ, ಕೋನಾವೃತ್ತಿ 0.455, ಬೆಳವಣಿಗೆಯ ದರ 0.099. ಈ ಪರೀಕ್ಷೆಗೆ ಮಾತ್ರ ಚೌಕದ ಬದಿಯನ್ನು ಆ ಅಲೆಯ ಉದ್ದದ ಪೂರ್ಣ ಗುಣಕವಾಗಿ ಇಟ್ಟುಕೊಳ್ಳಿ. ಶಕ್ತಿಯ ನಕ್ಷೆಯಿಂದ ದರ ಅಳೆಯುವವರು ಅದು ಎರಡರಷ್ಟು, ಅಂದರೆ ಸುಮಾರು 0.2, ಬರುತ್ತದೆ ಎಂಬುದನ್ನು ಗಮನದಲ್ಲಿಡಬೇಕು.

ಎರಡನೆಯ ಪರೀಕ್ಷೆ ಇನ್ನೂ ಕಟ್ಟುನಿಟ್ಟಿನದು. ಸಾಂದ್ರತೆಯಿಂದ ವರ್ಟಿಸಿಟಿಯನ್ನು ಕಳೆದು, ಅದರ ವರ್ಗದ ಅರ್ಧವನ್ನು ಇಡೀ ಚೌಕದ ಮೇಲೆ ಸರಾಸರಿ ಮಾಡಿ. ಆಲ್ಫಾ ಪದಗಳು ಪರಸ್ಪರ ವಜಾ ಆಗುವುದರಿಂದ ಈ ರಾಶಿಯ ಬದಲಾವಣೆಯ ದರ, ಕಣಪ್ರವಾಹದಿಂದ ಸ್ನಿಗ್ಧತೆ ತಿಂದದ್ದನ್ನು ಕಳೆದಷ್ಟಕ್ಕೆ ಸಮನಾಗಿರಲೇಬೇಕು. ಸಮವಾಗದಿದ್ದರೆ ಮುಂದೆ ಹೋಗಬೇಡಿ. ಬಹುಪಾಲು ಸಂದರ್ಭಗಳಲ್ಲಿ ತಪ್ಪು ಒಂದು ಚಿಹ್ನೆಯಲ್ಲಿ ಅಡಗಿರುತ್ತದೆ.

ಸೋರಿಕೆಯನ್ನು ಅಳೆಯುವುದು

ಇಳುಕಲಿನ ದಿಕ್ಕಿನ ವೇಗವನ್ನು ಸಾಂದ್ರತೆಯ ಏರಿಳಿತದಿಂದ ಗುಣಿಸಿ ಇಡೀ ಚೌಕದ ಸರಾಸರಿ ತೆಗೆದರೆ ಅದೇ ಕಣಪ್ರವಾಹ. ನಮ್ಮ ಮಾನಗಳಲ್ಲಿ ಇಳುಕಲು 1 ಆಗಿರುವುದರಿಂದ ಆ ಸಂಖ್ಯೆಯೇ ಪರಿಣಾಮೀ ವಿಸರಣಾಂಕ, 0.46ರಿಂದ ಗುಣಿಸಿದರೆ ಸೆಕೆಂಡಿಗೆ ಚದರ ಮೀಟರಿನಲ್ಲಿ ಉತ್ತರ ಸಿಗುತ್ತದೆ. ಬೆಳವಣಿಗೆ ನಿಂತು ಪ್ರವಾಹ ಒಂದು ಮಟ್ಟದ ಸುತ್ತ ಕುಣಿಯಲಾರಂಭಿಸಿದ ಮೇಲಿನ ಭಾಗವನ್ನಷ್ಟೇ, ಉದಾಹರಣೆಗೆ 200ರಿಂದ 500ರವರೆಗಿನದನ್ನು, ಸರಾಸರಿಗೆ ತೆಗೆದುಕೊಳ್ಳಿ.

ಇಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಒಳ್ಳೆಯದು, ಏಕೆಂದರೆ ಏರಿಳಿತ ದೊಡ್ಡದಾದರೆ ಸೋರಿಕೆಯೂ ದೊಡ್ಡದು ಎಂದು ಭಾವಿಸುವವರು ಬಹಳ. ಸಾಂದ್ರತೆ ಮತ್ತು ವಿಭವ ಒಟ್ಟೊಟ್ಟಿಗೆ ಏರಿಳಿದರೆ, ಸುಳಿಯ ಒಂದು ಬದಿ ಹೊರಗೆ ಒಯ್ದಷ್ಟನ್ನೇ ಇನ್ನೊಂದು ಬದಿ ಒಳಗೆ ತರುತ್ತದೆ. ಎರಡರ ನಡುವಿನ ಹಂತವ್ಯತ್ಯಾಸವೇ ಸೋರಿಕೆಗೆ ದಾರಿ. ಮೇಲೆ ಹೇಳಿದ ಅಲೆಯಲ್ಲಿ ಆಲ್ಫಾ 1 ಇದ್ದಾಗ ಸಾಂದ್ರತೆಗೂ ವಿಭವಕ್ಕೂ ನಡುವೆ 22.5 ಡಿಗ್ರಿ ಅಂತರವಿರುತ್ತದೆ. ಆಲ್ಫಾ 10ಕ್ಕೆ ಏರಿಸಿದರೆ ಈ ಅಂತರ 2.9 ಡಿಗ್ರಿಗೆ ಇಳಿಯುತ್ತದೆ, ವಿಭವದ ಏರಿಳಿತ ಅಷ್ಟೇ ಇದ್ದರೂ ಕಣಪ್ರವಾಹ ಸುಮಾರು ಒಂಬತ್ತನೆಯ ಒಂದು ಪಾಲಿಗೆ ಕುಸಿಯುತ್ತದೆ. ನಿಮ್ಮ ಫಲಿತಾಂಶದಲ್ಲಿ ಪ್ರತಿ ತರಂಗಸಂಖ್ಯೆಗೂ ಸಾಂದ್ರತೆಯ ಫೂರಿಯೆ ಗುಣಾಂಕವನ್ನು ವಿಭವದ ಸಂಯುಗ್ಮದಿಂದ ಗುಣಿಸಿ, ಆ ಗುಣಲಬ್ಧವನ್ನು ಕಾಲದ ಮೇಲೆ ಸರಾಸರಿ ಮಾಡಿ, ಅದರ ಕೋನವನ್ನು ನಕ್ಷೆಯಲ್ಲಿ ಬಿಡಿಸಿ. ಕೋನಗಳನ್ನೇ ನೇರವಾಗಿ ಸರಾಸರಿ ಮಾಡಬಾರದು.

ಪ್ರವಾಹವನ್ನು ಇನ್ನೊಂದು ದಾರಿಯಿಂದ ಪರಿಶೀಲಿಸಲು 10,000 ಪರೀಕ್ಷಾಕಣಗಳನ್ನು ಚೌಕದಲ್ಲಿ ಚೆಲ್ಲಿ, ಅವು ಸುಳಿಯ ವೇಗದಲ್ಲಿ ತೇಲುವಂತೆ ಮಾಡಿ. ಗಡಿ ದಾಟಿದ ಕಣ ಆಚೆ ಬದಿಯಿಂದ ಒಳಬಂದಾಗ ವೇಗ ಓದಲು ಹೊಸ ಸ್ಥಾನ ಬಳಸಬೇಕು, ಆದರೆ ಸಾಗಿದ ದೂರದ ಲೆಕ್ಕವನ್ನು ಮಡಿಸದೆ ಬೇರೆಯಾಗಿ ಇಟ್ಟುಕೊಳ್ಳಬೇಕು. ಇಳುಕಲಿನ ದಿಕ್ಕಿನ ಸ್ಥಾನಪಲ್ಲಟದ ವರ್ಗದ ಸರಾಸರಿ ಮೊದಲು ಕಾಲದ ವರ್ಗದಂತೆ ಏರಿ, ಕಣಗಳು ಸುಳಿಯಿಂದ ಸುಳಿಗೆ ದಾಟಲಾರಂಭಿಸಿದ ಮೇಲೆ ನೇರ ರೇಖೆಯಾಗುತ್ತದೆ. ಆ ರೇಖೆಯ ಇಳಿಜಾರಿನ ಅರ್ಧವೇ ವಿಸರಣಾಂಕ. ರೇಖೆ ನೇರವಾಗುವ ಮೊದಲೇ ಅಳೆದರೆ ಉತ್ತರಕ್ಕೆ ಬೆಲೆಯಿಲ್ಲ. ಕಣಗಳಿಂದ ಬಂದ ಈ ಬೆಲೆ ಕಣಪ್ರವಾಹದ ಬೆಲೆಯ ಹತ್ತಿರ ಬರಬೇಕು: ಎರಡನೆಯ ಪರೀಕ್ಷೆಯಲ್ಲಿ ಕಂಡ, ಸಾಂದ್ರತೆಯಿಂದ ವರ್ಟಿಸಿಟಿ ಕಳೆದ ರಾಶಿಯನ್ನು ಅದೇ ಸುಳಿಗಳು ಹೊತ್ತೊಯ್ಯುತ್ತವೆ, ಮತ್ತು ಅದರ ನಿವ್ವಳ ಪ್ರವಾಹವೇ ಕಣಪ್ರವಾಹ.

ಯಂತ್ರದ ಅಳತೆಗೆ ಹೋಲಿಸುವಾಗ

ಗಾಂಧಿನಗರದ ಬಳಿಯ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ 1989ರಿಂದ ಕೆಲಸ ಮಾಡಿದ ಆದಿತ್ಯ ಟೋಕಮ್ಯಾಕಿನಂಥ ಯಂತ್ರಗಳ ಅಂಚಿನಲ್ಲಿ ಲ್ಯಾಂಗ್ಮ್ಯೂರ್ ಶಲಾಕೆಗಳಿಂದ (ಪ್ಲಾಸ್ಮಾದೊಳಗೆ ತೂರಿಸುವ ಸಣ್ಣ ಲೋಹದ ಕಡ್ಡಿಗಳಿಂದ) ವೇಗ ಮತ್ತು ಸಾಂದ್ರತೆಯ ಇದೇ ಗುಣಲಬ್ಧವನ್ನು ಅಳೆಯುತ್ತಾರೆ: ಒಂದು ತುದಿ ಅಯಾನು ಪ್ರವಾಹದ ಮೂಲಕ ಸಾಂದ್ರತೆಯನ್ನು, ಪಕ್ಕದ ಎರಡು ತುದಿಗಳು ತೇಲುವ ವಿಭವದ ವ್ಯತ್ಯಾಸದ ಮೂಲಕ ವಿದ್ಯುತ್ ಕ್ಷೇತ್ರವನ್ನು ಕೊಡುತ್ತವೆ. ಉಷ್ಣತೆಯೂ ಏರಿಳಿಯುವುದರಿಂದ ತೇಲುವ ವಿಭವ ಪ್ಲಾಸ್ಮಾದ ನಿಜವಾದ ವಿಭವವಲ್ಲ, ಆ ಎಚ್ಚರ ಬೇಕು. ಆದಿತ್ಯದ ಅಂಚಿನ ಪ್ರಕ್ಷುಬ್ಧತೆ ಬಿಟ್ಟುಬಿಟ್ಟು ಸಿಡಿಯುವ ಸ್ವಭಾವದ್ದು ಎಂಬ ಫಲಿತಾಂಶ 1992ರಲ್ಲೇ ಪ್ರಕಟವಾಗಿದೆ. ಆದ್ದರಿಂದ ಸರಾಸರಿಯೊಂದನ್ನೇ ಬರೆದು ಮುಗಿಸದೆ, ಪ್ರವಾಹದ ಬೆಲೆಗಳ ಹಂಚಿಕೆಯನ್ನೂ ಬಿಡಿಸಿ ಅದರ ಬಾಲ ಎಷ್ಟು ಉದ್ದವಿದೆ ನೋಡಿ.

ನಮ್ಮ ಮಾದರಿಯ ಮಿತಿಗಳೂ ಸಣ್ಣವಲ್ಲ. 42 ಮಾನದ ಚೌಕವೆಂದರೆ 1.9 ಸೆಂಟಿಮೀಟರ್, ಸಾಂದ್ರತೆ ಇಳಿಯುವ ಅಳತೆಯೇ 2 ಸೆಂಟಿಮೀಟರ್ ಇರುವಾಗ ಇಳುಕಲು ಎಲ್ಲೆಡೆ ಸಮ ಎಂಬ ಊಹೆ ಹಿಗ್ಗಿ ಹರಿಯುವ ಹಂತದಲ್ಲಿರುತ್ತದೆ. ಮಾದರಿಯ ಏರಿಳಿತ ಸರಾಸರಿ ಸಾಂದ್ರತೆಯ ಕೆಲವೇ ಶೇಕಡಾ ಇದ್ದರೆ, ನಿಜವಾದ ಅಂಚಿನಲ್ಲಿ ಅದು ಶೇಕಡಾ ಹತ್ತನ್ನು ಸುಲಭವಾಗಿ ಮೀರುತ್ತದೆ. ಕಾಂತಕ್ಷೇತ್ರದ ಬಾಗು ಇಲ್ಲಿಲ್ಲ, ಗೋಡೆಯೂ ಇಲ್ಲ.

ಕೋಡ್ ಸರಿಬಂದ ಮೇಲೆ ಮಾಡಬೇಕಾದ ಮೊದಲ ಬದಲಾವಣೆ ಒಂದೇ ಸಾಲಿನದು: ಆಲ್ಫಾ ಪದದೊಳಗಿನ ವಿಭವ ಮತ್ತು ಸಾಂದ್ರತೆಯಿಂದ, ಇಳುಕಲಿಗೆ ಅಡ್ಡ ದಿಕ್ಕಿನ ಸರಾಸರಿಯನ್ನು ಕಳೆಯಿರಿ. ಆಗ ಪ್ಲಾಸ್ಮಾ ತಾನಾಗಿಯೇ ಪಟ್ಟೆ ಪಟ್ಟೆಯಾದ ವಲಯಪ್ರವಾಹಗಳನ್ನು ಕಟ್ಟಿಕೊಳ್ಳುತ್ತದೆ, ಅವು ಸುಳಿಗಳನ್ನು ಸೀಳುತ್ತವೆ, ಕಣಪ್ರವಾಹ ಇಳಿಯುತ್ತದೆ. 1982ರಲ್ಲಿ ಜರ್ಮನಿಯ ಗಾರ್ಖಿಂಗಿನ ಆಸ್ಡೆಕ್ಸ್ ಯಂತ್ರದಲ್ಲಿ ಫ್ರಿಟ್ಸ್ ವಾಗ್ನರ್ ತಂಡ ಕಂಡ ಎಚ್-ಮೋಡ್ ಎಂಬ ಸುಧಾರಿತ ಬಂಧನಸ್ಥಿತಿಯ ವಿವರಣೆಯಲ್ಲಿ ಸುಳಿಗಳನ್ನು ಸೀಳುವ ಇಂಥ ಪ್ರವಾಹಗಳಿಗೆ ಮುಖ್ಯ ಸ್ಥಾನವಿದೆ. ಈ ಓಟದಲ್ಲಿ ಪರೀಕ್ಷಾಕಣಗಳ ಅಡ್ಡ ದಿಕ್ಕಿನ ಚಲನೆ ಸಾಧಾರಣ ವಿಸರಣಕ್ಕಿಂತ ವೇಗವಾಗಿರಬಹುದು, ಆದ್ದರಿಂದ ಎರಡೂ ದಿಕ್ಕುಗಳ ನಕ್ಷೆಗಳನ್ನು ಬೇರೆ ಬೇರೆಯಾಗಿ ಇಡಿ, ಮತ್ತು ವಲಯಪ್ರವಾಹ ನೆಲೆಗೊಳ್ಳಲು ಹೆಚ್ಚು ಕಾಲ ಬೇಕಾಗುವುದರಿಂದ ಓಟವನ್ನು 500ಕ್ಕೆ ನಿಲ್ಲಿಸದೆ ಕನಿಷ್ಠ 2000 ಕಾಲಮಾನದವರೆಗೆ ಬಿಡಿ.