ಕರಾವಳಿಲಿ ಸಂಸಾರ ಹೂಡೋಕೆ ಊರು ಹುಡುಕ್ತಿದ್ರೆ ಮೊದ್ಲು ಬಾವಿ ನೀರು ಕುಡಿದು ನೋಡಿ

ಬೆಂಗಳೂರು ಬಿಟ್ಟು ಕುಂದಾಪುರ ಕಡೆ ಬಂದು ನಮಗೆ ನಾಲ್ಕು ವರ್ಷ ಆಯ್ತು. ಆಗಾಗ ಯಾರಾದ್ರೂ ಫೋನ್ ಮಾಡಿ "ನಾವೂ ಬರೋಣ ಅಂತಿದೀವಿ, ಯಾವ ಊರು ಚೆನ್ನಾಗಿದೆ ಹೇಳಿ" ಅಂತ ಕೇಳ್ತಾನೇ ಇರ್ತಾರೆ. ಕೇಳೋರೆಲ್ಲ ಡಿಸೆಂಬರಲ್ಲಿ ಮೂರು ದಿನ ರಜಾ ಹಾಕಿ ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಬಂದು ಹೋದೋರೇ. ಡಿಸೆಂಬರಲ್ಲಿ ಕಾರವಾರದಿಂದ ಉಳ್ಳಾಲದ ತನಕ ಯಾವ ಊರಿಗೆ ಹೋದ್ರೂ ಚೆಂದಾನೇ ಇರುತ್ತೆ ಮಾರಾಯ್ರೆ, ಅದ್ರಲ್ಲಿ ಆರಿಸೋಕೆ ಏನೂ ಇಲ್ಲ. ಊರು ಆರಿಸ್ಬೇಕು ಅಂದ್ರೆ ಎರಡು ಸಲ ಬರ್ಬೇಕು, ಒಂದು ಮೇ ಎರಡನೇ ವಾರ, ಇನ್ನೊಂದು ಜುಲೈ ನಡು. ಮೇಲಿ ನೀರು ನೋಡೋಕೆ, ಜುಲೈಲಿ ರಸ್ತೆ ಕರೆಂಟು ನೋಡೋಕೆ.

ನೀರಿನ ಕಥೆ ಮೊದ್ಲು ಹೇಳ್ಬಿಡ್ತೀನಿ. ನಾವು ಮೊದಲು ಇಷ್ಟಪಟ್ಟಿದ್ದು ಹೊನ್ನಾವರದ ಹತ್ರ ಒಂದು ಮನೆ, ಶರಾವತಿ ಅಳಿವೆ (ಹೊಳೆ ಸಮುದ್ರ ಸೇರೋ ಜಾಗ) ಪಕ್ಕ, ಹಂಚಿನ ಮಾಡು, ಚಿಟ್ಟೆ (ಜಗಲಿ ಕಟ್ಟೆ) ಮೇಲೆ ಕೂತ್ರೆ ಎದುರಿಗೆ ಹೊಳೆ, ಬಾಡಿಗೆನೂ ಕಮ್ಮಿ. ನವೆಂಬರಲ್ಲಿ ನೋಡಿ ನಾನೂ ನಮ್ಮನೆಯವಳೂ ಹೆಚ್ಚೂಕಮ್ಮಿ ಅಡ್ವಾನ್ಸ್ ಕೊಟ್ಟೇ ಬಿಡ್ತಿದ್ವಿ. ಅಮ್ಮ ತಿಪಟೂರು ಕಡೆಯವರು, ಬರಗಾಲ ನೋಡಿದೋರು, "ಬೇಸಿಗೇಲಿ ಇನ್ನೊಂದ್ಸಲ ನೋಡಿ ಕೊಡಿ" ಅಂದ್ರು. ಮೇ ತಿಂಗಳಲ್ಲಿ ಹೋದಾಗ ಪಕ್ಕದ ಮನೆಯವರು ಆಸರಿಗೆ (ಬಾಯಾರಿಕೆಗೆ) ಅಂತ ಬೆಲ್ಲ ನೀರು ಕೊಟ್ರು, ನೀರು ರಸ್ತೆ ಆಚೆ ಬೋರ್‌ವೆಲ್‌ದಂತೆ. ಅಮ್ಮ ಹಠ ಹಿಡಿದು ನಾವು ನೋಡಿದ್ದ ಮನೆ ಬಾವಿಯಿಂದಾನೇ ಒಂದು ಕೊಡ ಸೇದಿಸಿ ಅಂಗೈಲಿ ತಗೊಂಡು ನಾಲಿಗೆಗೆ ಮುಟ್ಟಿಸಿ ಉಗಿದ್ರು. ಉಪ್ಪು. ಸಾರಿಗೆ ಹಾಕೋ ಉಪ್ಪಷ್ಟಲ್ಲ, ಆದ್ರೆ ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ. ಅಳಿವೆ ಹತ್ರ ಇರೋ ಬಾವಿಗಳ ಕಥೆನೇ ಇಷ್ಟು, ಮಳೆಗಾಲದಲ್ಲಿ ಸಿಹಿನೀರು ತುಂಬ್ಕೊಂಡು ಉಪ್ಪನ್ನ ಕೆಳಗೆ ತಳ್ಳಿರುತ್ತೆ, ಮಾರ್ಚ್ ಕಳೀತಿದ್ದ ಹಾಗೆ ಸಿಹಿನೀರು ಇಳಿಯುತ್ತೆ, ಉಬ್ಬರದ ಜೊತೆ ಹೊಳೆ ಉಪ್ಪು ಒಳಗೆ ಬರುತ್ತೆ. ಇಷ್ಟೊಂದು ಮಳೆ ಬೀಳೋ ಸೀಮೆಲಿ, ವರ್ಷಕ್ಕೆ 3500 ಮಿಲಿಮೀಟರ್‌ಗೂ ಮೇಲೆ ಬೀಳೋ ಕಡೆ, ಮೇ ತಿಂಗಳಲ್ಲಿ ಟ್ಯಾಂಕರ್ ಬರುತ್ತೆ ಅಂದ್ರೆ ಬಯಲುಸೀಮೆ ನೆಂಟರು ನಂಬಲ್ಲ, ಆದ್ರೆ ಬರುತ್ತೆ.

ಹಾಗಾಗಿ ಮನೆ ನೋಡೋಕೆ ಹೋದಾಗ ಓನರನ್ನ ಕೇಳ್ಬೇಡಿ, ಪಕ್ಕದ ಮನೆ ಹೆಂಗಸರನ್ನ ಕೇಳಿ, "ಶಿವರಾತ್ರಿ ಕಳೆದ್ಮೇಲೆ ಬಾವಿ ನೀರು ಹೆಂಗಿರುತ್ತೆ" ಅಂತ. ಸರಿಯಾದ ಉತ್ತರ ಅಲ್ಲೇ ಸಿಗೋದು.

ಎರಡನೇದು ಆಸ್ಪತ್ರೆ. ಇದನ್ನ ಯಾರೂ ಮೊದಲು ಯೋಚನೆ ಮಾಡಲ್ಲ, ನಾವೂ ಮಾಡಿರ್ಲಿಲ್ಲ, ಅಮ್ಮನಿಗೆ ಹಾರ್ಟ್ ತೊಂದರೆ ಇದ್ದಿದ್ರಿಂದ ಮಾಡ್ಬೇಕಾಯ್ತು. ಹೆರಿಗೆ, ಜ್ವರ, ಮೂಳೆ ಮುರಿತ ಇಂಥದ್ದಕ್ಕೆಲ್ಲ ತಾಲೂಕು ಊರುಗಳಲ್ಲಿ ಡಾಕ್ಟರ್ ಇದಾರೆ, ಚೆನ್ನಾಗೇ ನೋಡ್ತಾರೆ. ಆದ್ರೆ ತಲೆಗೆ ಪೆಟ್ಟು, ಸ್ಟ್ರೋಕು, ಬೈಪಾಸು ಅಂದ್ರೆ ಕುಮಟಾ ಹೊನ್ನಾವರದವರು ಮಣಿಪಾಲಕ್ಕೆ ಓಡ್ಬೇಕು ಇಲ್ಲಾ ಘಟ್ಟ ಹತ್ತಿ ಹುಬ್ಬಳ್ಳಿಗೆ, ಕಾರವಾರದವರು ಗೋವಾಕ್ಕೆ. ಹೊನ್ನಾವರದಿಂದ ಮಣಿಪಾಲ ಹತ್ತಿರತ್ರ 120 ಕಿಲೋಮೀಟರ್. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿ ಕರ್ಕೊಂಡು ಬರ್ತಿದ್ದ ಆಂಬುಲೆನ್ಸು ಶಿರೂರು ಟೋಲ್‌ಗೇಟ್ ಹತ್ರ ಮಳೇಲಿ ಜಾರಿ ಪಲ್ಟಿ ಆಗಿ ನಾಲ್ಕು ಜನ ಹೋದ್ರಲ್ಲ, ಅದಾದ್ಮೇಲೆ ಉತ್ತರ ಕನ್ನಡದವರು ನಮಗೊಂದು ಮಲ್ಟಿ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ಎಷ್ಟು ಜೋರಾಗಿ ಕೂಗಿದ್ರು ಅನ್ನೋದು ನೆನಪಿರಬಹುದು. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದೆ ನಿಜ, ಆದ್ರೂ ಜನರ ಬೇಡಿಕೆ ನಿಂತಿಲ್ಲ ಅಂದ್ಮೇಲೆ ನೀವೇ ಅರ್ಥ ಮಾಡ್ಕೊಳ್ಳಿ. ಕುಂದಾಪುರದಿಂದ ಮಣಿಪಾಲ 40 ಕಿಲೋಮೀಟರ್ ಆಸುಪಾಸು, ನಾವು ಇಲ್ಲಿ ನಿಂತಿದ್ದಕ್ಕೆ ನಿಜವಾದ ಕಾರಣ ಅದೇ, ಬೀಚೂ ಅಲ್ಲ ಗಾಳಿನೂ ಅಲ್ಲ. ಮನೇಲಿ ವಯಸ್ಸಾದೋರು ಇಲ್ಲ, ಗಟ್ಟಿಮುಟ್ಟು ಇದೀವಿ ಅನ್ನೋರಿಗೆ ಕುಮಟಾ ಹೊನ್ನಾವರ ಇನ್ನೂ ಚೆಂದ, ಜಾಗ ವಿಶಾಲ, ಜನ ಕಮ್ಮಿ, ಅಘನಾಶಿನಿ ಕಡೆ ಓಡಾಡಿದ್ರೆ ಬೇರೆ ಎಲ್ಲೂ ಬೇಡ ಅನ್ಸುತ್ತೆ.

ಮಿಕ್ಕ ಊರುಗಳ ಬಗ್ಗೆ ನನ್ನ ಅಭಿಪ್ರಾಯ, ಬೈಬೇಡಿ. ಗೋಕರ್ಣ, ಮುರ್ಡೇಶ್ವರ, ಮಲ್ಪೆ ಬೀಚ್ ಪಕ್ಕ ಬೇಡ, ಶನಿವಾರ ಭಾನುವಾರ ನಿಮ್ಮ ಮನೆ ಗೇಟಿಂದ ಕಾರು ಈಚೆ ತೆಗಿಯೋಕಾಗಲ್ಲ. ಕಾರವಾರ ಜಿಲ್ಲಾ ಕೇಂದ್ರ, ಶಾಂತ ಊರು, ಕೊಂಕಣಿ ಬಂದ್ರೆ ಬಹಳ ಒಳ್ಳೇದು, ಮಡಗಾಂವ್ ಹತ್ರ ಆಗುತ್ತೆ, ಆದ್ರೆ ಬೆಂಗಳೂರಿಗೆ ಭಾರಿ ದೂರ. ಅಂಕೋಲಾದಲ್ಲಿ ತರಕಾರಿ, ಮಾವು ತಿಂದೋರು ಬಿಡಲ್ಲ, ಇಶಾಡ ಮಾವಿನಹಣ್ಣಿಗೋಸ್ಕರನೇ ಅಲ್ಲಿ ಇದ್ಬಿಡೋಣ ಅಂತ ನನ್ನ ಮಗಳು. ಕಾಪು, ಪಡುಬಿದ್ರಿ, ಮೂಲ್ಕಿ ಸಾಲು ಉಡುಪಿ ಮಂಗಳೂರಿನ ನಡುವೆ, ಎಲ್ಲಾ ಸಿಗುತ್ತೆ, ರೇಟೂ ಹಾಗೇ ಇದೆ, ಅಲ್ಲಿ ತುಳು ಕಲೀದೆ ಇದ್ರೆ ನೀವು ಕೊನೇ ತನಕ ಅತಿಥಿನೇ. ಬಂದರು ಇರೋ ಊರಾದ್ರೆ ಗಾಳಿ ಯಾವ ಕಡೆಯಿಂದ ಬೀಸುತ್ತೆ ಅಂತ ಒಂದಿನ ಪೂರ್ತಿ ಇದ್ದು ನೋಡಿ, ಒಣಮೀನು, ಫಿಶ್‌ಮೀಲ್ ವಾಸನೆ ಮೊದಲ ವಾರ ಮೂಗಿಗೆ ಹೊಡೆದ್ರೆ ಆಮೇಲೂ ಹೊಡೆಯುತ್ತೆ.

ಜುಲೈಗೆ ಬರೋದು ಯಾಕೆ ಅಂದ್ರೆ ಕರಾವಳಿ ಅಂದ್ರೆ ಒಂದು ಹೈವೇ ಒಂದು ರೈಲು ಅಷ್ಟೇ, 66ನೇ ನಂಬರ್ ಹೈವೇ ಮತ್ತು ಕೊಂಕಣ ರೈಲ್ವೆ, ಪೂರ್ವಕ್ಕೆ ಹೋಗೋದೆಲ್ಲ ಘಾಟಿ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದಾಗ (ಮೇಲೆ ಹೇಳಿದ ಟೋಲ್‌ಗೇಟ್ ಶಿರೂರು ಬೈಂದೂರು ತಾಲೂಕಿಂದು, ಇದು ಬೇರೆ) ಹೈವೇ ದಿನಗಟ್ಟಲೆ ಬಂದ್, ಅದಾಗಿ ಮೂರು ವಾರಕ್ಕೆ ಆಗಸ್ಟ್ 7ರ ಮಧ್ಯರಾತ್ರಿ ಕಾಳಿ ನದಿ ಹಳೇ ಸೇತುವೆ ಲಾರಿ ಸಮೇತ ಬಿತ್ತು. ಶಿರಾಡಿ, ಆಗುಂಬೆ, ಚಾರ್ಮಾಡಿ ಎಲ್ಲಾದ್ರೂ ಒಂದು ಕಡೆ ಮಣ್ಣು ಜರಿದೇ ಜರಿಯುತ್ತೆ. ಹೆದರಿಸ್ತಿಲ್ಲ, ತಿಂಗಳಿಗೆ ಎರಡು ಸಲ ಬೆಂಗಳೂರು ಆಫೀಸಿಗೆ ಹೋಗ್ಲೇಬೇಕು ಅನ್ನೋ ಕೆಲಸ ಇದ್ರೆ ಮಳೆಗಾಲದ ನಾಲ್ಕು ತಿಂಗಳು ಹೆಂಗೆ ಅಂತ ಮೊದಲೇ ಬಾಸ್ ಹತ್ರ ಮಾತಾಡ್ಕೊಳ್ಳಿ. ನಾನು ಪಂಚಗಂಗಾ ಎಕ್ಸ್‌ಪ್ರೆಸ್ಸಲ್ಲೇ ಓಡಾಡೋದು, ರಾತ್ರಿ ಹತ್ತಿದ್ರೆ ಬೆಳಿಗ್ಗೆ ಸೇರ್ತೀನಿ, ಟಿಕೆಟ್ ಮಾತ್ರ ಮುಂಚೆನೇ ಮಾಡಿಸಿರ್ಬೇಕು. ಇನ್ನೊಂದು, ಸ್ಟೇಷನ್ ಹೆಸರು ನೋಡಿ ಮೋಸ ಹೋಗ್ಬೇಡಿ, ಕುಂದಾಪುರ ಸ್ಟೇಷನ್ ಇರೋದು ಪೇಟೆಲಲ್ಲ, ಮೂಡ್ಲಕಟ್ಟೆಲಿ, ಬೆಳಗಿನ ಜಾವ ಮಳೇಲಿ ಇಳಿದ್ರೆ ಆಟೋದವರೇ ದೇವರು.

ಕರೆಂಟು, ಇಂಟರ್ನೆಟ್ ಬಗ್ಗೆ. ಫೈಬರ್ ಈಗ ಸಣ್ಣ ಪೇಟೆಗಳಿಗೂ ಬಂದಿದೆ, ಸ್ಪೀಡಿಗೆ ತೊಂದರೆ ಇಲ್ಲ, ತೊಂದರೆ ಬರೋದು ಗಾಳಿಮಳೆಗೆ ಮರ ಬಿದ್ದು ಲೈನ್ ಕಟ್ಟಾದಾಗ. ಇನ್ವರ್ಟರ್ ದೊಡ್ಡದೇ ಹಾಕಿಸಿ, ಎರಡು ಬೇರೆ ಬೇರೆ ಕಂಪನಿ ಸಿಮ್ ಇಟ್ಕೊಳ್ಳಿ. ಏಪ್ರಿಲ್ ಮೇ ಮತ್ತೆ ಅಕ್ಟೋಬರಲ್ಲಿ ಸಂಜೆ ಗುಡುಗು ಶುರುವಾದ್ರೆ ಪ್ಲಗ್ ಕಿತ್ತಿಡೋದು ಇಲ್ಲಿಯವರಿಗೆ ದೀಪ ಹಚ್ಚೋ ಹಾಗೆ ಅಭ್ಯಾಸ, ನಮಗೆ ಗೊತ್ತಿರ್ಲಿಲ್ಲ, ಮೊದಲ ವರ್ಷಾನೇ ಒಂದು ಸಿಡಿಲಿಗೆ ರೌಟರ್, ಟಿವಿ, ಪಂಪಿನ ಸ್ಟಾರ್ಟರ್ ಮೂರೂ ಹೋದ್ವು.

ಸ್ಕೂಲ್ ವಿಷಯದಲ್ಲಿ ಬೆಂಗಳೂರಿನವರು ಮೂಗು ಮುರಿಯೋದು ಬೇಡ, 2025ರ ಎಸ್ಸೆಸ್ಸೆಲ್ಸಿಲಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಮೂರೂ ಜಿಲ್ಲೆ ಮೊದಲ ಮೂರು ಸ್ಥಾನ. ಆದ್ರೆ ರಿಸಲ್ಟ್ ಬೋರ್ಡ್ ನೋಡಿ ಸೇರಿಸ್ಬೇಡಿ. ನಾವು ಮೊದಲು ಸೇರಿಸಿದ್ದ ಒಂದು ಸ್ಕೂಲಲ್ಲಿ ವ್ಯಾನ್ ಬರುತ್ತೆ ಅಂತ ಫೀಸ್ ಕಟ್ಟಿಸ್ಕೊಂಡು ಜೂನ್ ಮಧ್ಯದಲ್ಲಿ "ನಿಮ್ಮ ರೂಟಿಗೆ ಮಕ್ಕಳು ಸಾಲದು" ಅಂತ ಕೈ ಎತ್ತಿದ್ರು, ಆ ಮಳೇಲಿ ದಿನಾ ಎರಡು ಹೊತ್ತು ಸ್ಕೂಟರಲ್ಲಿ ಬಿಟ್ಟು ಬಂದಿದ್ದು ಮರೆಯೋ ಹಾಗಿಲ್ಲ. ವ್ಯಾನ್ ಡ್ರೈವರನ್ನೇ ಹುಡುಕಿ ಕೇಳಿ, ಆಫೀಸಲ್ಲಿ ಕೇಳ್ಬೇಡಿ. ಜಾಸ್ತಿ ಮಳೆ ಅಂದ್ರೆ ಡಿಸಿ ರಜೆ ಕೊಡ್ತಾರೆ, ಕೆಲವು ಸಲ ಬೆಳಿಗ್ಗೆ ಟಿಫಿನ್ ಬಾಕ್ಸ್ ಕಟ್ಟಿದ್ಮೇಲೆ ಮೆಸೇಜ್ ಬರುತ್ತೆ, ಇಬ್ಬರೂ ಕೆಲಸಕ್ಕೆ ಹೋಗೋರಾದ್ರೆ ಮಕ್ಕಳನ್ನ ನೋಡ್ಕೊಳ್ಳೋಕೆ ಯಾರು ಅಂತ ಯೋಚನೆ ಮಾಡಿಡಿ.

ಈಗ ಜಾಗ. ಒಂದೇ ಮಾತು, ಮೊದಲ ವರ್ಷ ಕೊಳ್ಬೇಡಿ, ಬಾಡಿಗೆಗೆ ಇರಿ. ಆದ್ರೂ ಆಸೆ ತಡೆಯಲ್ಲ ಅಂದ್ರೆ ಸ್ವಲ್ಪ ತಿಳ್ಕೊಂಡಿರಿ. ಉಬ್ಬರದ ಗೆರೆಯಿಂದ 500 ಮೀಟರ್ ತನಕ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಕಾನೂನು, ಅದ್ರಲ್ಲಿ ಹಳ್ಳಿ ಕಡೆ ಮೊದಲ 200 ಮೀಟರ್ ಹೊಸ ಮನೆ ಕಟ್ಟೋ ಹಾಗಿಲ್ಲ, 2019ರ ನೋಟಿಫಿಕೇಶನ್ ಪ್ರಕಾರ ಜನ ದಟ್ಟವಾಗಿರೋ ಹಳ್ಳಿಲಿ ಅದು 50 ಮೀಟರ್. ಉಬ್ಬರ ಇಳಿತ ಇರೋ ಹೊಳೆ ದಂಡೆಗೂ ಇಂಥದೇ ನಿಯಮ ಇದೆ, ಇದನ್ನ ಬ್ರೋಕರ್ ಹೇಳೋದೇ ಇಲ್ಲ. ಉಡುಪಿ, ದಕ್ಷಿಣ ಕನ್ನಡದಲ್ಲಿ ಸೆಂಟ್ಸ್ ಲೆಕ್ಕ, ಉತ್ತರ ಕನ್ನಡದಲ್ಲಿ ಗುಂಟೆ, ಒಂದು ಗುಂಟೆ ಅಂದ್ರೆ ಎರಡೂವರೆ ಸೆಂಟ್ಸ್, ಎರಡು ಕಡೆ ರೇಟ್ ಹೋಲಿಸೋವಾಗ ತಲೆ ಕೆಡಿಸ್ಕೊಳ್ಬೇಡಿ. ನನಗೆ ಒಬ್ಬರು ತೆಂಗಿನ ತೋಟ, ಗೇರು ಮರ ಎಲ್ಲ ಸುತ್ತಾಡಿಸಿ ಒಂದೆಕರೆ ಅಂತ ತೋರಿಸಿದ್ರು, ಪಹಣಿ ತೆಗೆಸಿ ನೋಡಿದ್ರೆ ವರ್ಗ ಜಾಗ (ಸ್ವಂತ ಪಟ್ಟಾ ಜಾಗ) ಬರೀ 35 ಸೆಂಟ್ಸು, ಮಿಕ್ಕಿದ್ದೆಲ್ಲ ಕುಮ್ಕಿ, ಅಂದ್ರೆ ಸರ್ಕಾರಿ ಜಾಗ, ಪಕ್ಕದ ಹಿಡುವಳಿದಾರ ಸೊಪ್ಪು ಸೌದೆ ತಗೊಳ್ಬಹುದು ಅಷ್ಟೇ, ಮಾರೋಕೆ ಬರಲ್ಲ. ಪಹಣಿ, ಹದಿನೈದು ಮೂವತ್ತು ವರ್ಷದ ಇಸಿ (ಋಣಭಾರ ಪತ್ರ), 11ಇ ನಕ್ಷೆ (ಸರ್ವೆಯವರು ಅಳೆದು ಕೊಡೋದು), ಭೂಪರಿವರ್ತನೆ ಆದೇಶ, ಪಂಚಾಯ್ತಿಯ 9/11 (ಆಸ್ತಿ ಖಾತೆ ನಮೂನೆಗಳು), ಇಷ್ಟು ತಗೊಂಡು ಅದೇ ತಾಲೂಕಿನ ವಕೀಲರಿಗೆ ತೋರಿಸಿ, ಬೆಂಗಳೂರು ವಕೀಲರಿಗೆ ಕುಮ್ಕಿ, ಮೂಲಗೇಣಿ (ಹಳೇ ಕಾಯಂ ಗೇಣಿ ಪದ್ಧತಿ) ಅಂದ್ರೆ ಅರ್ಧ ತಿಳಿಯಲ್ಲ. ಮತ್ತೆ ಮರವಂತೆ, ಉಳ್ಳಾಲ ಕಡೆ ಕಡಲ್ಕೊರೆತಕ್ಕೆ ಹಾಕಿರೋ ಕಲ್ಲಿನ ರಾಶಿ ನೋಡ್ಕೊಂಡು ಬನ್ನಿ, ಸಮುದ್ರದ ಪಕ್ಕಾನೇ ಮನೆ ಬೇಕು ಅನ್ನೋ ಹುಚ್ಚು ಸ್ವಲ್ಪ ಇಳಿಯುತ್ತೆ.

ಭಾಷೆ ಒಂದು ತಮಾಷೆ. ಬಂದ ಹೊಸದ್ರಲ್ಲಿ ಅಂಗಡಿಲಿ "ಹಾಲಿದೆಯಾ" ಅಂದೆ, ಅವ್ರು "ಇತ್ತ್" ಅಂದ್ರು. ಓ, ಇತ್ತು, ಖಾಲಿ ಆಗಿದೆ ಅಂದ್ಕೊಂಡು ಮನೆಗೆ ಬಂದೆ. ಮಾರನೇ ದಿನಾನೂ ಇತ್ತ್, ನಾನೂ ವಾಪಸ್. ಮೂರನೇ ದಿನ ಅವ್ರೇ "ಹ್ವಾಯ್, ದಿನಾ ಕೇಂತ್ರಿ, ತಕಂಡ್ ಹೋತಿಲ್ಲೆ, ಎಂತಕೆ?" ಅಂತ ನಿಲ್ಲಿಸಿದ್ರು. ಕುಂದಾಪ್ರ ಕನ್ನಡದಲ್ಲಿ ಇತ್ತ್ ಅಂದ್ರೆ ಇದೆ. ಈಗ ಮಗ ಮನೇಲೂ ಹಾಗೇ ಮಾತಾಡ್ತಾನೆ, ತಿಪಟೂರು ಅಜ್ಜಿಗೆ ಅವನೇ ಅನುವಾದಕ. ಘಟ್ಟದ ಮೇಲಿನವರು ಅಂತ ಕರೀತಾರೆ, ಬೇಜಾರು ಮಾಡ್ಕೊಳ್ಬೇಡಿ, ಅದು ಬೈಗುಳ ಅಲ್ಲ. ಮಳೆ ನಿಂತ್ಮೇಲೆ ಯಾರದಾದ್ರೂ ಹರಕೆ ಆಟ (ಹರಕೆ ತೀರಿಸೋಕೆ ಆಡಿಸೋ ಯಕ್ಷಗಾನ) ಇದ್ದೇ ಇರುತ್ತೆ, ಕರೆದ್ರೆ ಹೋಗಿ, ಬಯಲಲ್ಲಿ ಒಂದು ರಾತ್ರಿ ಯಕ್ಷಗಾನ ನೋಡಿದ್ರೆ ಆರು ತಿಂಗಳಲ್ಲಿ ಆಗೋ ಪರಿಚಯ ಆಗುತ್ತೆ.

ಮೀನು ತಿನ್ನೋರಿಗೆ ಒಂದು ಕಿವಿಮಾತು, ಜೂನ್ ಜುಲೈ 61 ದಿನ ಯಾಂತ್ರಿಕ ಬೋಟ್‌ಗಳಿಗೆ ನಿಷೇಧ, ಆಗ ಬಂಗುಡೆ ರೇಟ್ ಕೇಳಿ ವಾಪಸ್ ಹೋಗೋಣ ಅನ್ಸುತ್ತೆ. ಹೋಗ್ಬೇಡಿ, ಹೊಳೆಮೀನು, ಮಳಿ (ಚಿಪ್ಪುಮೀನು) ಸಿಗುತ್ತೆ.

ಸಾಮಾನು ಸಾಗಿಸೋದು ಏಪ್ರಿಲ್ ಕೊನೇಲೇ ಮುಗಿಸಿ, ಮಕ್ಕಳ ಸ್ಕೂಲ್ ಶುರುವಾಗೋ ಹೊತ್ತಿಗೆ ಮಳೆನೂ ಶುರು, ಆಗ ಲಾರಿ ಮನೆ ಬಾಗಿಲಿಗೆ ಬರಲ್ಲ. ಲೆದರ್ ಶೂ, ಬೆಲ್ಟು ತರ್ಬೇಡಿ, ಜುಲೈಲಿ ಒಂದಿನ ತೆಗೆದು ನೋಡಿದ್ರೆ ಬಿಳಿ ಬೂಷ್ಟು ಹಿಡಿದು ಬೆಕ್ಕಿನ ಮರಿ ಥರ ಕಾಣ್ತಿರುತ್ತೆ. ಪ್ಲೈವುಡ್ ಫರ್ನಿಚರ್ ಅಲ್ಲೇ ಮಾರಿಬಿಡಿ. ನಾವು ಮಾರ್ಲಿಲ್ಲ, ನಮ್ಮ ಬೀರು ಬಾಗಿಲು ಜೂನ್ ಮೂರನೇ ವಾರಕ್ಕೆ ಊದ್ಕೊಂಡು ಮುಚ್ಚೋದು ನಿಲ್ಸುತ್ತೆ, ಒಂದು ಹಗ್ಗ ಕಟ್ಟಿಟ್ಟಿರ್ತೀವಿ, ನವರಾತ್ರಿ ಹೊತ್ತಿಗೆ ಮತ್ತೆ ತಾನಾಗೇ ಮುಚ್ಕೊಳ್ಳುತ್ತೆ.