ಸ್ಕರ್ಟಿಂಗ್ ಒರೆಸುವುದು ಬೇಡದ ಉಸಾಬರಿ ಅಂದವರಿಗೆ

"ನೀನು ಕಾರ್ಪೆಟ್ ತೊಳೆಯೋಕೆ ಬಂದಿದ್ದೀಯೋ, ಮನೆ ಧೂಳು ಹೊಡೆಯೋಕೆ ಬಂದಿದ್ದೀಯೋ?" ಅಂತ ನನ್ನ ಜೊತೆ ಮೆಷಿನ್ ಹಿಡಿಯುವ ಗೆಳೆಯ, ನಾನು ಸ್ಕರ್ಟಿಂಗ್ (ಗೋಡೆಯ ಬುಡದ ಪಟ್ಟಿ) ಒರೆಸುವುದನ್ನು ನೋಡಿ ಹೆಚ್ಚುಕಮ್ಮಿ ಎರಡು ವರ್ಷ ಆಡಿಕೊಂಡ. ಈಗ ಬೆಳಿಗ್ಗೆ ಗಾಡಿಗೆ ಮೊದಲು ಬಟ್ಟೆಕಟ್ಟು ಏರಿಸುವವನು ಅವನೇ.

ಶುರುವಾಗಿದ್ದು ಒಂದು ಅವಮಾನದಿಂದ. ಗೋಡೆಯಿಂದ ಗೋಡೆಗೆ ಹಾಸಿದ್ದ ಕೆನೆಬಣ್ಣದ ಕಾರ್ಪೆಟ್ಟನ್ನು ಹೊಸದರ ಹಾಗೆ ಮಾಡಿ ನಿಂತಿದ್ದೆವು. ಮನೆಯೊಡತಿ ಬಂದರು, ಕಾರ್ಪೆಟ್ ನೋಡಲೇ ಇಲ್ಲ. "ಇದೇನಿದು ಅಂಚೆಲ್ಲ ಕೊಳಕು?" ಅಂದರು. ಸ್ಕರ್ಟಿಂಗ್ ಮೊದಲೂ ಹಾಗೇ ಇತ್ತು. ಕೆಳಗಿನದು ಬೆಳ್ಳಗಾದ ಮೇಲೆ ಕಣ್ಣಿಗೆ ಹೊಡೆಯಿತು, ಅಷ್ಟೇ. ಅದರ ಮೇಲೆ ನಮ್ಮದೇ ಪ್ರೀಸ್ಪ್ರೇ (ತೊಳೆಯುವ ಮೊದಲು ಕಾರ್ಪೆಟ್ಟಿಗೆ ಹೊಡೆಯುವ ದ್ರಾವಣ) ಸಿಡಿದು ಒಣಗಿದ ಗೆರೆಗಳು ಬೇರೆ. ಬಿಲ್ಲಿನ ಕಾಲುಭಾಗ ಕೊಡಲಿಲ್ಲ. ವಾದ ಮಾಡೋಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಮುಂದಿನ ಮನೆಯಲ್ಲಿ ಜಾಣತನ ತೋರಿಸಲು ಹೋದೆ. ಮೆಷಿನ್ನಿಂದ ಕಾರ್ಪೆಟ್ಟಿನ ನೀರೆಳೆದು ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಸ್ಕರ್ಟಿಂಗ್ ಒರೆಸಿದೆ. ಮೇಲಂಚಿನ ಧೂಳು ಕೆಸರಾಗಿ ಹಸಿ ಕಾರ್ಪೆಟ್ ಮೇಲೆ ಸಾಲಾಗಿ ಬಿತ್ತು, ಇರುವೆ ಸಾಲಿನಂತೆ. ಹಾಲಿನ ನಾಲ್ಕೂ ಅಂಚು ಮತ್ತೆ ಎಳೆಯಬೇಕಾಯಿತು, ಒಂದೂವರೆ ಗಂಟೆ ದಂಡ. ಆಮೇಲೆ ಯಾರೋ ಹೇಳಿದರು ಅಂತ ಪ್ರೀಸ್ಪ್ರೇಯನ್ನೇ ಸ್ಕರ್ಟಿಂಗ್ ಮೇಲೂ ಹೊಡೆದೆ. ಕೊಳೆ ಹೋಯಿತು, ಜೊತೆಗೆ ಪೇಂಟಿನ ಹೊಳಪೂ ಹೋಯಿತು. ನಮ್ಮ ಪ್ರೀಸ್ಪ್ರೇಯ ಪಿಎಚ್ 10ರ ಮೇಲೆ, ಅಂದರೆ ಜೋರು ಕ್ಷಾರ, ಎಮಲ್ಷನ್ ಪೇಂಟ್ ತಡೆದೀತೇ? ಕೈಯಿಂದ ದುಡ್ಡು ಹಾಕಿ ಪೇಂಟ್ ಮಾಡಿಸಿಕೊಟ್ಟೆ, ಮೂರು ದಿನದ ದುಡಿಮೆ ಅಲ್ಲಿಗೆ ಸರಿ. ಮೆಲಮೈನ್ ಸ್ಪಂಜಿನದೂ ಅದೇ ಕತೆ. ಬೂಟಿನ ಕಪ್ಪು ಗೀಟು ಮಾಯವಾಗುತ್ತದೆ, ಎದುರಿಗೆ ನಿಂತು ನೋಡಿದರೆ ಏನೂ ಕಾಣದು. ಸಂಜೆ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಾಗ ಅಂಗೈಯಗಲ ಮಂಕು ಕಲೆ ಎದ್ದು ಕೂರುತ್ತದೆ. ಅದು ಸ್ಪಂಜಲ್ಲ, ನಯವಾದ ಮರಳುಕಾಗದ ಅಂತಲೇ ತಿಳಿಯಿರಿ.

ಇಷ್ಟೆಲ್ಲ ಕಳೆದುಕೊಂಡ ಮೇಲೆ ಕೂತದ್ದು ಈ ಕ್ರಮ. ಒಂದು ಹನಿ ನೀರು ಬೀಳುವ ಮೊದಲೇ ಸ್ಕರ್ಟಿಂಗಿನ ಒಣ ಕೆಲಸ ಮುಗಿದಿರಬೇಕು. ವ್ಯಾಕ್ಯೂಮಿಗೆ ಮೆದು ಬ್ರಷ್ ಸಿಕ್ಕಿಸಿ ಮೊದಲು ಮೇಲಂಚು, ಆಮೇಲೆ ಮುಖ. ಉದುರಿದ್ದೆಲ್ಲ ಕೆಳಗೆ ಬೀಳಲಿ, ಹೇಗೂ ಅಂಚಿಗೆ ಸಂದಿ ನಳಿಕೆ (ವ್ಯಾಕ್ಯೂಮಿನ ಕಿರಿದಾದ ಮೂತಿ) ಹಾಕುವುದಿದೆಯಲ್ಲ. ಅದಾದ ಮೇಲೆ ಚೆನ್ನಾಗಿ ಹಿಂಡಿದ ಮೈಕ್ರೋಫೈಬರ್ ಬಟ್ಟೆ, ಅರ್ಧ ಬಕೆಟ್ ನೀರಿಗೆ ಒಂದು ಮುಚ್ಚಳ ನ್ಯೂಟ್ರಲ್ (ಆಮ್ಲವೂ ಅಲ್ಲದ, ಕ್ಷಾರವೂ ಅಲ್ಲದ) ಸೋಪು. ಬಟ್ಟೆಯನ್ನು ಎರಡು ಸಲ ಮಡಚಿದರೆ ಎಂಟು ಮುಖ ಸಿಗುತ್ತವೆ. ನಡುಗಾತ್ರದ ಕೋಣೆಗೆ ಎರಡು ಬಟ್ಟೆ ಸಾಕು. ಬಿಳಿಯವನ್ನೇ ಇಟ್ಟುಕೊಳ್ಳಿ. ಕೆಂಪು ಬಟ್ಟೆಯೊಂದು ಹಸಿ ಕಾರ್ಪೆಟ್ ಮೇಲೆ ಮರೆತುಹೋಗಿ ನನಗೆ ಪಾಠ ಕಲಿಸಿದೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪಟ್ಟಿಯಾದರೆ ಕೆಳ ಅಂಚಿಗೆ ನೀರು ಸೋಕಿಸಲೇಬೇಡಿ. ಉಬ್ಬಿದರೆ ಉಬ್ಬಿದ್ದೇ, ಮತ್ತೆ ಇಳಿಯುವುದಿಲ್ಲ.

ಪ್ರೀಸ್ಪ್ರೇ ಹೊಡೆಯುವಾಗ ಎಡಗೈಯಲ್ಲಿ ಒಂದು ತೆಳು ಹಲಗೆ ಗೋಡೆಗೆ ಅಡ್ಡ ಹಿಡಿದು ಸಾಗುತ್ತೇನೆ. ಆ ಹಲಗೆಗೆ ಏನು ಸುತ್ತಿರುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ನೀರೆಳೆದ ಮೇಲೆ, ಸಿಡಿದದ್ದು ಒಣಗುವ ಮುಂಚೆ, ಉದ್ದ ಹಿಡಿಯ ಚಪ್ಪಟೆ ಮಾಪಿಗೆ ಒಣ ಬಟ್ಟೆ ಹಾಕಿ ಒಂದು ಸುತ್ತು. ಕೋಣೆಗೆ ನಾಲ್ಕೈದು ನಿಮಿಷ, ಮೊಣಕಾಲೂರುವ ಮಾತೇ ಇಲ್ಲ.

ಇದರ ನಡುವೆ ಸ್ಕರ್ಟಿಂಗಿನ ಬುಡದ ಕಪ್ಪು ಗೆರೆಯ ಹಿಂದೆ ಬಿದ್ದು ಒಂದಷ್ಟು ದಿನ ಕಳೆದೆ. ಪಟ್ಟಿಯ ಕೆಳಗಿನ ಸಂದಿಯಲ್ಲಿ ಗಾಳಿ ಆಡಿ ಆಡಿ ಕಾರ್ಪೆಟ್ ಅಂಚೇ ಫಿಲ್ಟರ್ ಆಗಿಬಿಟ್ಟಿರುತ್ತದೆ, ಎಣ್ಣೆ ಸೇರಿದ ಮಸಿ. ಬರೀ ಪ್ರೀಸ್ಪ್ರೇ, ಬ್ರಷ್ಷಿಗೆ ಅರ್ಧ ಹೋಯಿತು. ಸಿಟ್ರಸ್ ಸಾಲ್ವೆಂಟ್ (ಕಿತ್ತಳೆ ಸಿಪ್ಪೆಯ ಎಣ್ಣೆಯಿಂದ ಮಾಡಿದ, ಜಿಡ್ಡು ಕರಗಿಸುವ ದ್ರವ) ಬೆರೆಸಿ ಹತ್ತು ಹದಿನೈದು ನಿಮಿಷ ಬಿಟ್ಟು ಸಂದಿ ನಳಿಕೆಯಿಂದ ಎಳೆದಾಗ ಮುಕ್ಕಾಲು ಹೋಯಿತು. ಉಣ್ಣೆಯಾದರೆ ಈ ಸಾಹಸ ಬೇಡ. ಪೂರ್ತಿ ಹೋಗುತ್ತದೆ ಅಂತ ನಾನು ಯಾರಿಗೂ ಮಾತು ಕೊಡುವುದಿಲ್ಲ, ಕೆಲಸಕ್ಕೆ ಮೊದಲೇ ಹೇಳಿಬಿಡುತ್ತೇನೆ. ನನ್ನ ಮನೆಯ ಒಂದು ಕೋಣೆಯಲ್ಲಿ ಸಂದಿಗೆ ಸೀಲಂಟ್ ತುಂಬಿದೆ. ವರ್ಷವಾಯಿತು, ಪಕ್ಕದ ಕೋಣೆಯಲ್ಲಿ ಗೆರೆ ಮತ್ತೆ ಮೂಡಿದೆ, ಅಲ್ಲಿ ಮೂಡಿಲ್ಲ.

ದುಡ್ಡಿನ ಮಾತು. ಮೊದಲು ಅಡಿ ಲೆಕ್ಕದಲ್ಲಿ ಬೇರೆ ರೇಟು ಹೇಳಿದೆ, ಹತ್ತರಲ್ಲಿ ಎಂಟು ಜನ "ಅದು ಬಿಡಿ" ಅಂದರು. ಪುಕ್ಕಟೆ ಮಾಡಿದೆ, ಮೂರು ಕೋಣೆಯ ಮನೆಗೆ ಮುಕ್ಕಾಲು ಗಂಟೆ ಕೈಬಿಟ್ಟು ಹೋಯಿತು. ಈಗ ಒಟ್ಟು ರೇಟನ್ನೇ ಶೇಕಡ 12ರಷ್ಟು ಏರಿಸಿ ಇದನ್ನು ಒಳಗೇ ಸೇರಿಸಿದ್ದೇನೆ. ರೇಟು ಹೇಳುವ ಮೊದಲು, ಮಾತಾಡುತ್ತ ಮಾತಾಡುತ್ತ ಬಾಗಿಲ ಪಕ್ಕದ ಸ್ಕರ್ಟಿಂಗ್ ಒಂದು ಗೇಣು ಒರೆಸಿ ಸುಮ್ಮನಾಗುತ್ತೇನೆ. ಆ ಒಂದು ಗೇಣು ಬಿಳುಪು ನೋಡಿದವರು ಚೌಕಾಸಿ ಮಾಡಿದ್ದು ಕಡಿಮೆ. ಮೊದಲು ತಿಂಗಳಿಗೆ ನಾಲ್ಕೈದು ಮನೆಯವರು ಅದು ಸರಿಯಿಲ್ಲ ಇದು ಸರಿಯಿಲ್ಲ ಅಂತ ವಾಪಸ್ ಕರೆಸುತ್ತಿದ್ದರು, ಈಗ ಎರಡು ತಿಂಗಳಿಗೆ ಒಬ್ಬರು ಇರಬಹುದು.

ಮೇಣ ಹಚ್ಚಿದ ಹಳೇ ಮರದ ಪಟ್ಟಿ ಕಂಡರೆ ಮಾತ್ರ ಇವತ್ತಿಗೂ ನೀರು ಮುಟ್ಟಿಸುವುದಿಲ್ಲ. ಒಣ ಬಟ್ಟೆಯಲ್ಲಿ ಮುಗಿಸಿ, ಬಿಲ್ಲಿನಲ್ಲೂ ಹಾಗೆಂದೇ ಬರೆದುಕೊಡುತ್ತೇನೆ.