ಸಿ ಡ್ರೈವ್ ಕೆಂಪಾಗಿದೆಯೇ? ಫಾರ್ಮ್ಯಾಟ್ ಹೊಡೆಯುವ ಮುನ್ನ ಇಷ್ಟು ನೋಡಿ

'ದಿಸ್ ಪಿಸಿ' ತೆರೆದರೆ ಸಿ ಡ್ರೈವ್‌ನ ಪಟ್ಟಿ ಕೆಂಪು. ಪಕ್ಕದ ಡಿ ಡ್ರೈವ್‌ನಲ್ಲಿ 300 ಜಿಬಿ ಸುಮ್ನೆ ಖಾಲಿ ಬಿದ್ದಿದೆ. ಅಲ್ಲಿಂದ ಒಂದಿಷ್ಟು ತೆಗೆದು ಇಲ್ಲಿಗೆ ಸೇರಿಸೋಣ ಅಂತ ಹೊರಟರೆ 'ಎಕ್ಸ್‌ಟೆಂಡ್ ವಾಲ್ಯೂಮ್' ಆಯ್ಕೆ ಮಸುಕಾಗಿದೆ, ಒತ್ತಲು ಬರುವುದಿಲ್ಲ. ಅಷ್ಟರಲ್ಲಿ ಯಾರಾದರೂ "ಪೂರ್ತಿ ಫಾರ್ಮ್ಯಾಟ್ ಹೊಡೆದುಬಿಡಿ" ಅನ್ನುತ್ತಾರೆ. ಆ ಮಾತು ಕೇಳಬೇಡಿ. ಇಂಥ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಫಾರ್ಮ್ಯಾಟ್ ಬೇಕಿಲ್ಲ.

ಮೊದಲ ಕೆಲಸ ಬ್ಯಾಕಪ್. ತೋಟದ ಚೆಕ್‌ರೋಲ್, ಪಹಣಿಯ ಪಿಡಿಎಫ್, ಮದುವೆ ಫೋಟೊ, ಮಕ್ಕಳ ಪ್ರಾಜೆಕ್ಟ್ ಎಲ್ಲವನ್ನೂ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ. ಸಿ ಡ್ರೈವ್‌ನಿಂದ ಡಿಗೆ ಹಾಕಿದರೆ ಅದು ಬ್ಯಾಕಪ್ ಅಲ್ಲ. ಎರಡೂ ಇರುವುದು ಒಂದೇ ಡಿಸ್ಕ್‌ನಲ್ಲಿ, ಹೋದರೆ ಒಟ್ಟಿಗೇ ಹೋಗುತ್ತವೆ.

ಇನ್ನೊಂದು ವಿಷಯ ಕರೆಂಟ್. ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವುದು ಹೊಸದೇನಲ್ಲ. ಪಾರ್ಟಿಷನ್, ಅಂದರೆ ಡಿಸ್ಕ್ ಅನ್ನು ಸಿ, ಡಿ ಅಂತ ಪಾಲು ಮಾಡಿದ ಭಾಗ, ಬದಲಾಗುತ್ತಿರುವಾಗ ಸಿಸ್ಟಮ್ ಆಫ್ ಆದರೆ ಇದ್ದದ್ದೂ ಕೈಬಿಡಬಹುದು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆದರೆ ಗಾಳಿ ಮಳೆಯ ದಿನ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಲ್ಯಾಪ್‌ಟಾಪ್ ಆದರೆ ಫುಲ್ ಚಾರ್ಜ್ ಇರಲಿ. ಬಿಟ್‌ಲಾಕರ್ (ಡ್ರೈವ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಈಗ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆಯಿರಿ. ಕೆಳಗಿನ ಅರ್ಧದಲ್ಲಿ ನಿಮ್ಮ ಡಿಸ್ಕ್ ಸಾಲಾಗಿ ನಿಂತ ಚೌಕಗಳಂತೆ ಕಾಣುತ್ತದೆ. ತಲೆಯ ಮೇಲೆ ಕಡುನೀಲಿ ಪಟ್ಟಿ ಇರುವುದು ಪ್ರೈಮರಿ ಪಾರ್ಟಿಷನ್. ಕಪ್ಪು ಪಟ್ಟಿ ಇರುವುದು 'ಅನ್‌ಅಲೊಕೇಟೆಡ್', ಅಂದರೆ ಯಾರಿಗೂ ಹಂಚದ ಜಾಗ. ಏನನ್ನೂ ಒತ್ತುವ ಮೊದಲು ಮೊಬೈಲ್‌ನಲ್ಲಿ ಈ ಪರದೆಯ ಫೋಟೊ ತೆಗೆದುಕೊಳ್ಳಿ. ಮುಂದೆ ಯಾರನ್ನಾದರೂ ಸಲಹೆ ಕೇಳುವಾಗ ಈ ಒಂದು ಫೋಟೊ ಸಾಕು.

ಎಕ್ಸ್‌ಟೆಂಡ್ ಯಾಕೆ ಮಸುಕು? ಸಿ ಡ್ರೈವ್‌ನ ಬಲಕ್ಕೆ ತಾಗಿಕೊಂಡೇ ಕಪ್ಪು ಪಟ್ಟಿಯ ಜಾಗ ಇರಬೇಕು. ಪಕ್ಕದ ಗದ್ದೆ ನಿಮ್ಮದೇ ಆದರೆ ಬದು ಒಡೆದು ಸೇರಿಸಿಕೊಳ್ಳಬಹುದು, ನಡುವೆ ಬೇರೆಯವರ ಗದ್ದೆ ಇದ್ದರೆ ಆಗುವುದಿಲ್ಲ, ಅಲ್ವಾ? ಇದೂ ಹಾಗೇ. ತುಂಬ ಜನ ಡಿ ಡ್ರೈವ್ ಅನ್ನು 'ಶ್ರಿಂಕ್' ಮಾಡಿ ಕಾಯುತ್ತಾರೆ. ಆದರೆ ಶ್ರಿಂಕ್ ಮಾಡಿದಾಗ ಜಾಗ ಬಿಡುಗಡೆಯಾಗುವುದು ಡಿಯ ಬಲತುದಿಯಲ್ಲಿ. ಸಿಗೂ ಅದಕ್ಕೂ ನಡುವೆ ಡಿ ಹಾಗೇ ನಿಂತಿರುತ್ತದೆ.

ವಿಂಡೋಸ್‌ನಲ್ಲೇ ಇದನ್ನು ಸರಿಮಾಡಬೇಕಾದರೆ ಡಿಯಲ್ಲಿರುವುದನ್ನೆಲ್ಲ ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ, ಒಂದೆರಡು ಫೈಲ್ ತೆರೆದು ಪರೀಕ್ಷಿಸಿ, ಡಿ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿಲೀಟ್ ವಾಲ್ಯೂಮ್' ಕೊಡಿ. ಹಳೆಯ ಕಂಪ್ಯೂಟರ್ ಆದರೆ ಆ ಜಾಗ ಕಪ್ಪಾಗುವ ಬದಲು ಹಸಿರಾಗಿ 'ಫ್ರೀ ಸ್ಪೇಸ್' ಅಂತ ಉಳಿಯಬಹುದು. ಅದು ಎಕ್ಸ್‌ಟೆಂಡೆಡ್ ಪಾರ್ಟಿಷನ್‌ನ ಹೊರಗೋಡೆ. ಅದರೊಳಗೆ ಬೇರೆ ಡ್ರೈವ್ ಇಲ್ಲದಿದ್ದರೆ ಅದನ್ನೂ ಡಿಲೀಟ್ ಮಾಡಿ. ಈಗ ಸಿ ಮೇಲೆ 'ಎಕ್ಸ್‌ಟೆಂಡ್ ವಾಲ್ಯೂಮ್' ಬೆಳಗುತ್ತದೆ. ಬೇಕಾದಷ್ಟು ಕೊಟ್ಟು, ಉಳಿದ ಜಾಗಕ್ಕೆ 'ನ್ಯೂ ಸಿಂಪಲ್ ವಾಲ್ಯೂಮ್' ಮಾಡಿ ಡಿ ಎಂದೇ ಹೆಸರಿಡಿ.

ನಡುವೆ ಸಣ್ಣದೊಂದು 'ರಿಕವರಿ' ಪಾರ್ಟಿಷನ್ ಇದ್ದರೆ? ಅದನ್ನು ಅಳಿಸಿಬಿಡಿ ಅಂತ ವಿಡಿಯೊಗಳಲ್ಲಿ ಹೇಳುವವರಿದ್ದಾರೆ. ವಿಂಡೋಸ್ ಕೆಟ್ಟಾಗ ರಿಪೇರಿಗೆ ಬೇಕಾಗುವುದೇ ಅದು. ಜಿಪಾರ್ಟೆಡ್ ಎಂಬ ಉಚಿತ ಸಾಫ್ಟ್‌ವೇರ್ ಅನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಅದನ್ನು ಪಕ್ಕಕ್ಕೆ ಸರಿಸಬಹುದು.

ಇಷ್ಟೆಲ್ಲ ಹೇಳಿದರೂ, ನನ್ನನ್ನು ಕೇಳಿದರೆ ಮೊದಲು ಸಿ ಡ್ರೈವ್ ಖಾಲಿ ಮಾಡಿ ನೋಡಿ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, 'ಟೆಂಪರರಿ ಫೈಲ್ಸ್' ಒಳಗೆ ಹೋಗಿ. ದೊಡ್ಡ ಅಪ್‌ಡೇಟ್ ಆದ ಹೊಸದರಲ್ಲಿ ಹಳೆಯ ವಿಂಡೋಸ್ ಅಲ್ಲೇ ಎಷ್ಟೋ ಜಿಬಿ ತಿಂದುಕೊಂಡು ಕೂತಿರುತ್ತದೆ. ಅಲ್ಲೇ 'ಡೌನ್‌ಲೋಡ್ಸ್' ಅಂತಲೂ ಇರುತ್ತದೆ, ಅದಕ್ಕೆ ಟಿಕ್ ಹಾಕುವ ಮುನ್ನ ಒಳಗೆ ಏನಿದೆ ನೋಡಿಕೊಳ್ಳಿ. ಪಿಕ್ಚರ್ಸ್ ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿ 'ಲೊಕೇಶನ್' ಟ್ಯಾಬ್ ಇದೆ. ಅಲ್ಲಿ 'ಮೂವ್' ಕೊಟ್ಟರೆ ಫೋಟೊಗಳೆಲ್ಲ ಡಿಗೆ ಹೋಗುತ್ತವೆ. ಬಹಳಷ್ಟು ಮನೆಗಳಲ್ಲಿ ಇದರಲ್ಲೇ ಕೆಲಸ ಮುಗಿಯುತ್ತದೆ.

ಡ್ರೈವ್ ಕಾಣುತ್ತಲೇ ಇಲ್ಲವೇ? ಅದೇ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಚೌಕ ಇದ್ದು ಅಕ್ಷರ ಇಲ್ಲದಿದ್ದರೆ 'ಚೇಂಜ್ ಡ್ರೈವ್ ಲೆಟರ್' ಕೊಟ್ಟು ಒಂದು ಅಕ್ಷರ ಸೇರಿಸಿ, ಅಷ್ಟೇ. ಹೊಸ ಡಿಸ್ಕ್ ಆಗಿದ್ದು 'ನಾಟ್ ಇನಿಷಿಯಲೈಸ್ಡ್' ಅಂತಿದ್ದರೆ ಇನಿಷಿಯಲೈಸ್ ಮಾಡಿ, ಅಂದರೆ ಬಳಕೆಗೆ ಸಿದ್ಧಗೊಳಿಸಿ. ಪಾರ್ಟಿಷನ್‌ಗಳ ಲೆಕ್ಕ ಇಡುವ ಎರಡು ಬಗೆ ಕೇಳುತ್ತದೆ, ಹೊಸದಾದ ಜಿಪಿಟಿ ಆರಿಸಿ. ಹಳೆಯ ಎಂಬಿಆರ್ ಆದರೆ 2 ಟಿಬಿಯಿಂದಾಚೆಗಿನ ಜಾಗ ಸಿಗುವುದಿಲ್ಲ. ಫೈಲ್ ತುಂಬಿದ್ದ ಹಳೆಯ ಡಿಸ್ಕ್ ಹೀಗೆ ಕೇಳಿದರೆ ಮಾತ್ರ 'ಕ್ಯಾನ್ಸಲ್' ಒತ್ತಿ. 1 ಟಿಬಿ ಡಿಸ್ಕ್ 931 ಜಿಬಿ ತೋರಿಸುವುದು ದೋಷವಲ್ಲ. ಕಂಪನಿ ಸಾವಿರದ ಲೆಕ್ಕ ಹಾಕುತ್ತದೆ, ವಿಂಡೋಸ್ 1024ರ ಲೆಕ್ಕ.

ಹೆದರಬೇಕಾದ್ದು 'ರಾ' (RAW) ಅಂತ ಬಂದಾಗ, ಅಂದರೆ ಡ್ರೈವ್‌ನಲ್ಲಿರುವುದನ್ನು ವಿಂಡೋಸ್‌ಗೆ ಓದಲು ಆಗದಿದ್ದಾಗ. ನಿನ್ನೆಯವರೆಗೆ ತೆರೆಯುತ್ತಿದ್ದ ಡ್ರೈವ್ ಇವತ್ತು "ಬಳಸುವ ಮುನ್ನ ಫಾರ್ಮ್ಯಾಟ್ ಮಾಡಿ" ಅನ್ನುತ್ತದೆ. ಒಪ್ಪಬೇಡಿ. ಕೇಬಲ್ ಬದಲಿಸಿ ನೋಡಿ, ಬೇರೆ ಯುಎಸ್‌ಬಿ ಪೋರ್ಟ್‌ಗೆ ಹಾಕಿ ನೋಡಿ. ಆಗಲೂ ಬರದಿದ್ದರೆ ಟೆಸ್ಟ್‌ಡಿಸ್ಕ್ ಎಂಬ ಉಚಿತ ಸಾಫ್ಟ್‌ವೇರ್ ಕಳೆದುಹೋದ ಪಾರ್ಟಿಷನ್ ಹುಡುಕಿಕೊಡುತ್ತದೆ. ಸಿಕ್ಕ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೇ ಉಳಿಸಿ, ಅದೇ ಡಿಸ್ಕ್‌ಗೆ ಬರೆದರೆ ಉಳಿದದ್ದರ ಮೇಲೆ ಕೂರುತ್ತದೆ.

ಡಿಸ್ಕ್‌ನೊಳಗೆ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಇದ್ಯಾವುದೂ ಬೇಡ, ಕೂಡಲೇ ಆಫ್ ಮಾಡಿ. ಅದು ಪಾರ್ಟಿಷನ್ ತೊಂದರೆಯಲ್ಲ, ಯಂತ್ರವೇ ಕೆಡುತ್ತಿದೆ. ಹಾಸನದ ಬಿ.ಎಂ. ರಸ್ತೆಯ ಅಂಗಡಿಗಾಗಲಿ, ಚಿಕ್ಕಮಗಳೂರಿಗಾಗಲಿ ಒಯ್ದಾಗ "ಡೇಟಾ ಬೇಕು, ಫಾರ್ಮ್ಯಾಟ್ ಬೇಡ" ಅಂತ ಚೀಟಿ ಬರೆದು ಡಿಸ್ಕ್‌ಗೇ ಅಂಟಿಸಿ. ಹೊಸ ಡಿಸ್ಕ್ ಹಾಕಿಸಿಕೊಂಡರೂ ಹಳೆಯದನ್ನು ಕೇಳಿ ವಾಪಸ್ ತನ್ನಿ.